ಅಗಸಿಯಲ್ಲಿ ನಿಂತು ಕೂಗುವಾಕೆ

"ಅಕ್ಕೋರ, ನೀವು ಯಾವಾಗಿಂದ ಬೈಬಲ್ ಓದಾಕ ಹತ್ತೀರಿ?" ಎಂದು ನಮ್ಮ ಓಣಿಯ ಹಿರಿಯರೊಬ್ಬರು ಒಂದು ರವಿವಾರ ಕೇಳಿದರು. ನಾನು ಕಟ್ಟೆಯ ಮೇಲೆ ಕುಳಿತು ಮರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದೆ. ಪಕ್ಕದಲ್ಲಿ ಕಪ್ಪು ರಟ್ಟಿನ ಆ ಪುಸ್ತಕ ತೆರೆದುಕೊಂಡಿತ್ತು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಒಂದು ಸಂಶಯವಿತ್ತು. ನನ್ನ ಕೊರಳಲ್ಲಿ ಲಿಂಗವಿದೆ, ಹಣೆಯ ಮೇಲೆ ವಿಭೂತಿ ಇದೆ. ಹಾಗಿದ್ದ ಮೇಲೆ ಈ ಪುಸ್ತಕ ಯಾಕೆ ಎಂಬುದು ಅವರ ಪ್ರಶ್ನೆ. ಆ ಹೊತ್ತಿಗೆ, "ಸುಮ್ಮನ ಓದಾಕ ಹತ್ತೀನ್ರೀ ಅಪ್ಪಾರ" ಎಂದು ತೇಲಿಸಿಬಿಟ್ಟೆ. ಆದರೆ ನಾನು ಸುಮ್ಮನೆ ಓದುತ್ತಿರಲಿಲ್ಲ. ಅವರಿಗೆ ಅಂದು ಕೊಡದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಾನೇನೂ ವಿಮರ್ಶಕಿಯಲ್ಲ. ಬಿ.ಎ., ಬಿ.ಇಡಿ. ಮುಗಿಸಿ ಮೂವತ್ತು ವರ್ಷ ಕನ್ನಡ ಕಲಿಸಿದವಳು. ಒಂದು ಪದ್ಯವನ್ನು ಮಕ್ಕಳ ಮುಂದೆ ಬಿಡಿಸಿ ಇಡುವುದು, ಅದರಲ್ಲಿ ಗಟ್ಟಿ ಎಷ್ಟು ಜೊಳ್ಳು ಎಷ್ಟು ಎಂದು ನೋಡುವುದು, ಇಷ್ಟೇ ನನಗೆ ಬರುವ ವಿದ್ಯೆ. ಅದೇ ಮರದಲ್ಲಿ ಬೈಬಲ್ಲಿನ ಒಂದು ಭಾಗವನ್ನು ಹಾಕಿ ಕೇರಿ ನೋಡಿದ್ದೇನೆ. 'ಜ್ಞಾನೋಕ್ತಿಗಳು' ಎಂದು ಕನ್ನಡದಲ್ಲಿ ಅದಕ್ಕೆ ಹೆಸರು. ಅದರೊಂದಿಗೆ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಚಿಕ್ಕ ಪತ್ರವನ್ನೂ ಓದಿದೆ.

ಆ ಪುಸ್ತಕ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಬೆಟಗೇರಿ ಕಡೆಯ ಕ್ರೈಸ್ತ ಶಿಕ್ಷಕಿಯೊಬ್ಬರಿದ್ದರು. ನನಗಿಂತ ಹಿರಿಯರು. ನಮ್ಮ ಕಡೆ ಹೆಣ್ಣು ಶಿಕ್ಷಕಿಯರಿಗೆಲ್ಲ 'ಅಕ್ಕೋರು' ಎನ್ನುತ್ತಾರಷ್ಟೇ. ಅವರನ್ನು ನಾವು 'ದೊಡ್ಡ ಅಕ್ಕೋರು' ಎನ್ನುತ್ತಿದ್ದೆವು. ಮಾತು ಕಡಿಮೆ. ಮಕ್ಕಳ ಮೇಲೆ ಅವರು ಕೈ ಎತ್ತಿದ್ದನ್ನು ನಾನು ನೋಡಿಲ್ಲ. ನಿವೃತ್ತಿಯ ದಿನ ತಮ್ಮ ಕಪಾಟು ಖಾಲಿ ಮಾಡುವಾಗ ಈ ಪುಸ್ತಕವನ್ನು ನನಗೆ ಕೊಟ್ಟು, "ಇದರಾಗ ಜ್ಞಾನೋಕ್ತಿ ಮೂವತ್ತೊಂದು ಅಧ್ಯಾಯ ಅದಾವು ನೋಡವ್ವಾ. ದಿನಕ್ಕ ಒಂದ ಓದಿದ್ರ ತಿಂಗಳಾ ಒಮ್ಮೆ ಮುಗೀತೈತಿ" ಎಂದರು. ಯಾಕೆ ನನಗೆ ಕೊಟ್ಟರೆಂದು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮೊದಲು, 2004ರ ಹತ್ತಿ ಸುಗ್ಗಿಯಲ್ಲಿ, ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ತಾಸಿನಲ್ಲಿ ತೂಕಡಿಸುತ್ತಿದ್ದಳು. ಒಂದು ದಿನ, ಎರಡು ದಿನ, ಮೂರನೆಯ ದಿನವೂ ಹಾಗೆಯೇ. ನಾನು ಪುಸ್ತಕದಿಂದ ತಲೆ ಎತ್ತಿ, "ಇಕೀ ಕುಂಭಕರ್ಣನ ತಂಗಿ ಇರಬೇಕು" ಎಂದುಬಿಟ್ಟೆ. ತರಗತಿ ನಕ್ಕಿತು. ನಾನೂ ನಕ್ಕೆ. ನಾನು ಅಂದದ್ದು ನಿದ್ದೆಯ ಕುರಿತು ಮಾತ್ರ. ಆದರೆ ಹಿಂದಿನ ಬೆಂಚಿನ ಹುಡುಗರು ರಾಮಾಯಣ ಬಲ್ಲವರು. ಕುಂಭಕರ್ಣನ ತಂಗಿ ಯಾರು? ಮರುದಿನದಿಂದ ಆ ಹುಡುಗಿಯ ಹೆಸರು ಶೂರ್ಪನಖಿ ಆಯಿತು. ಬಯಲಿನಲ್ಲಿ ಕೂಗಿದರು, ಗೋಡೆಯ ಮೇಲೆ ಬರೆದರು. ಒಬ್ಬಿಬ್ಬರು ಮೂಗು ತೋರಿಸಿ ಕೈಯಿಂದ ಕತ್ತರಿಸಿದಂತೆ ಮಾಡುತ್ತಿದ್ದರಂತೆ. ಹದಿನೈದು ದಿನಕ್ಕೆ ಅವಳು ಶಾಲೆ ಬಿಟ್ಟಳು.

ನಾನು ಅವಳ ಮನೆಗೆ ಹೋದೆ. ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಹುಡುಗಿ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದಿಟ್ಟು, ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ ಹತ್ತಿ ಬಿಡಿಸಿ, ಅಲ್ಲಿಂದ ನೇರ ಶಾಲೆಗೆ ಬರುತ್ತಿದ್ದಳೆಂದು ಅಂದು ಗೊತ್ತಾಯಿತು. "ನೀವೇನ ತಪ್ಪ ಅಂದೀರಿ ಬಿಡ್ರಿ ಅಕ್ಕೋರ, ಅಕಿ ಮಕ್ಕೊಂಡಿದ್ದು ಖರೇನ ಐತಿ" ಎಂದಳು ಆ ತಾಯಿ. ಅದಕ್ಕಿಂತ ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ, ಶಾಲೆಗೂ ಮರಳಲಿಲ್ಲ.

ಇದನ್ನು ದೊಡ್ಡ ಅಕ್ಕೋರು ಬಲ್ಲರು. ಒಂದು ಮಾತೂ ಆಡದೆ ಎರಡು ವರ್ಷ ಕಳೆದ ಮೇಲೆ ಪುಸ್ತಕ ಕೊಟ್ಟರು. ಹೀಗೆ ನನ್ನ ಓದು ಭಕ್ತಿಯಿಂದಲೂ ಅಲ್ಲ, ಸಾಹಿತ್ಯದ ಕುತೂಹಲದಿಂದಲೂ ಅಲ್ಲ, ಒಂದು ಹೊಟ್ಟೆಯುರಿಯಿಂದ ಶುರುವಾಯಿತು.

ಇನ್ನು ಪುಸ್ತಕದ ಮಾತು. ನಮ್ಮ ಸೀಮೆಗೆ ಈ ಗ್ರಂಥ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಮುಂದೆ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅಣ್ಣಿಗೇರಿ ಇರುವುದು ಹುಬ್ಬಳ್ಳಿಗೂ ಗದಗ-ಬೆಟಗೇರಿಗೂ ನಡುವಿನ ಹಾದಿಯಲ್ಲಿ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ಲರು ಏಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. 1894ರಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಶಬ್ದಕ್ಕೆ ಸಾಕ್ಷಿಯಾಗಿ ಎಷ್ಟು ಗಾದೆಗಳನ್ನು ಕೊಟ್ಟಿದ್ದಾರೆಂಬುದನ್ನು ಪುಟ ತಿರುವಿದವರು ಬಲ್ಲರು. ನಮ್ಮ ಗಾದೆಗಳ ರುಚಿ ಅವರಿಗೆ ಹತ್ತಿದ್ದಕ್ಕೆ, ತಮ್ಮ ಧರ್ಮಗ್ರಂಥದ ನಡುವೆಯೇ ಒಂದು ಗಾದೆಗಳ ಪುಸ್ತಕ ಇದ್ದದ್ದೂ ಒಂದು ಕಾರಣವಿದ್ದೀತೆಂದು ನನಗೆ ಅನ್ನಿಸುತ್ತದೆ.

ಜ್ಞಾನೋಕ್ತಿಗಳು ನಿಜವಾಗಿ ಒಂದು ಪುಸ್ತಕವಲ್ಲ, ಹಲವು ಗಂಟುಗಳನ್ನು ಒಟ್ಟಿಗೆ ಕಟ್ಟಿದ ಮೂಟೆ. ಮೊದಲ ಒಂಬತ್ತು ಅಧ್ಯಾಯಗಳಲ್ಲಿ ತಂದೆ ಮಗನಿಗೆ ಹೇಳುವ ಉದ್ದನೆಯ ಬುದ್ಧಿವಾದವಿದೆ. ಹತ್ತನೆಯ ಅಧ್ಯಾಯದಿಂದ ಸೊಲೊಮೋನನ ಹೆಸರಿನ ಬಿಡಿ ನುಡಿಗಳು. ಮುಂದೆ 'ಜ್ಞಾನಿಗಳ ಮಾತು', ಆಗೂರನೆಂಬವನ ಮಾತು, ಕೊನೆಗೆ ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ ಮಾತು. ಪ್ರತಿಯೊಂದು ನುಡಿಗೂ ಎರಡು ತುಂಡು. ಮೊದಲ ತುಂಡು ಒಂದು ಮಾತನ್ನು ಹೇಳಿದರೆ ಎರಡನೆಯದು ಅದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ, ಇಲ್ಲವೆ ತಿರುಗಿಸಿ ಹೇಳುತ್ತದೆ. ನಮ್ಮ ಗಾದೆಗಳ ಕಟ್ಟೂ ಹೆಚ್ಚಾಗಿ ಇಂಥದೇ.

ಅನುವಾದದ ಭಾಷೆಯ ಬಗ್ಗೆ ನನ್ನ ದೂರಿದೆ. ಗಾದೆ ನೂರು ವರ್ಷ ಜನರ ಬಾಯಲ್ಲಿ ಉರುಳಿ ನುಣುಪಾದ ಹಳ್ಳದ ಕಲ್ಲು. ಅದಕ್ಕೆ ಪ್ರಾಸವಿದೆ, ಹೇಳಿದರೆ ಬಾಯಿ ತುಂಬುತ್ತದೆ. ಅನುವಾದದ ನುಡಿ ಈಗಷ್ಟೇ ಕಣಿಯಿಂದ ಒಡೆದು ತಂದ ಕಲ್ಲಿನ ಹಾಗೆ ಅಂಚು ಅಂಚಾಗಿದೆ. ಮೂಲದ ಅರ್ಥ ಒಂದಿಷ್ಟೂ ಸೋರಬಾರದೆಂಬ ಭಯದಲ್ಲಿ ವಾಕ್ಯ ಉದ್ದವಾಗಿ, ಹತ್ತು ನುಡಿಗಳಲ್ಲಿ ಎಂಟು ನೆನಪಿನಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಬಾಯಿಪಾಠ ಮಾಡಿಸಲು ನಾನು ಸರ್ವಜ್ಞನನ್ನೇ ಆರಿಸಿಕೊಂಡೇನು. ಆದರೆ ನೆನಪಿನಲ್ಲಿ ನಿಂತ ಆ ಎರಡು ಬಿಡುವುದೂ ಇಲ್ಲ, ಅಂಗಾಲಿಗೆ ನೆಟ್ಟ ಮುಳ್ಳಿನ ಹಾಗೆ ನಡೆಯುವಾಗಲೆಲ್ಲ ಚುಚ್ಚುತ್ತವೆ.

ಈ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಚಿತ್ರವೆಂದರೆ ಜ್ಞಾನವನ್ನು ಒಬ್ಬ ಹೆಂಗಸಾಗಿ ಕಂಡದ್ದು. ಕನ್ನಡದಲ್ಲಿ 'ಜ್ಞಾನ' ನಪುಂಸಕಲಿಂಗ. ಹೀಬ್ರೂ ಭಾಷೆಯಲ್ಲಿ ಆ ಶಬ್ದ ಸ್ತ್ರೀಲಿಂಗವಂತೆ. ಆಕೆ ಗುಡಿಯ ಗರ್ಭಗೃಹದಲ್ಲಿ ಕುಳಿತಿಲ್ಲ, ಮಠದ ಗದ್ದುಗೆಯ ಮೇಲೂ ಇಲ್ಲ. ಹಾದಿ ಕೂಡುವಲ್ಲಿ, ಊರ ಅಗಸಿಯಲ್ಲಿ, ಜನ ನೆರೆಯುವಲ್ಲಿ ನಿಂತು ಕೂಗುತ್ತಾಳೆ. ದಡ್ಡರನ್ನೂ ಚಿಕ್ಕವರನ್ನೂ ಕರೆಯುತ್ತಾಳೆ. ಮನೆ ಕಟ್ಟಿ, ಅಡಿಗೆ ಮಾಡಿ, ಊಟಕ್ಕೆ ಬನ್ನಿರೆಂದು ಹೇಳಿ ಕಳಿಸುತ್ತಾಳೆ. ನಮ್ಮೂರ ಸಂತೆಯ ದಿನ ಅಗಸಿಯ ಹತ್ತಿರ ಮೆಣಸಿನಕಾಯಿ ಚೀಲದ ಮುಂದೆ ಕುಳಿತು ಗಂಟಲು ಹರಿಯುವಂತೆ ಕೂಗುವ ಹೆಂಗಸರನ್ನು ನೋಡಿದಾಗೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಕೂಗುವವಳಿದ್ದಾಳೆ, ನಿಂತು ಕೇಳುವವರು ಬೇಕು.

ಹಾಗೆಂದು ಇದರಲ್ಲಿರುವುದೆಲ್ಲ ಬಂಗಾರವೆಂದು ನಾನು ಹೇಳಲಾರೆ. ಜಗಳಗಂಟಿ ಹೆಂಡತಿಯನ್ನು ಮಳೆಗಾಲದಲ್ಲಿ ಎಡೆಬಿಡದೆ ಸೋರುವ ಮನೆಗೆ ಹೋಲಿಸುತ್ತದೆ ಈ ಪುಸ್ತಕ. ನಮ್ಮ ಊರಿನ ಮಣ್ಣಿನ ಮಾಳಿಗೆಗಳು ಸೋರುವುದನ್ನು ಕಂಡವರಿಗೆ ಹೋಲಿಕೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಕುಡಿದು ಬಂದು ಜಗಳ ತೆಗೆಯುವ ಗಂಡನನ್ನು ಯಾವ ಮನೆಗೆ ಹೋಲಿಸಬೇಕು? ಕುಡಿತದ ಕೇಡನ್ನು ಇಷ್ಟು ವಿವರವಾಗಿ ಬಣ್ಣಿಸಿದ ಪುಸ್ತಕ, ಆ ಕುಡುಕನ ಹೆಂಡತಿಯ ಪಾಡನ್ನು ಒಂದು ಮಾತಿನಲ್ಲಿಯೂ ಹೇಳುವುದಿಲ್ಲ. ತಂದೆ ಮಗನಿಗೆ ಹೇಳುವ ಬುದ್ಧಿ, ಹೀಗಾಗಿ ಮಗಳು ಬಾಗಿಲ ಹಿಂದೆಯೇ ಉಳಿದಳು. ಈ ಕೊರತೆ ಕ್ರೈಸ್ತರ ಪುಸ್ತಕಕ್ಕಷ್ಟೇ ಸೇರಿದ್ದಲ್ಲ. ಸರ್ವಜ್ಞನ ಹೆಸರಿನಲ್ಲಿ ಓಡಾಡುವ ಹೆಂಗಸರ ಮೇಲಿನ ಮಾತುಗಳನ್ನು ನಾನು ತರಗತಿಯಲ್ಲಿ ಓದಲಾರೆ.

ಇನ್ನೊಂದು, ಬೆತ್ತದ ಮಾತು. ಮಗನನ್ನು ಹೊಡೆಯದೆ ಬಿಟ್ಟವನಿಗೆ ಮಗನ ಮೇಲೆ ಪ್ರೀತಿಯಿಲ್ಲ ಎಂಬ ಅರ್ಥದ ನುಡಿಗಳು ಒಂದಕ್ಕಿಂತ ಹೆಚ್ಚು ಕಡೆ ಬರುತ್ತವೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನು ಯಾರೂ ಬೈಬಲ್ಲಿನಿಂದ ಕಲಿಯಬೇಕಾಗಿರಲಿಲ್ಲ, ಮಗುವನ್ನು ಶಾಲೆಗೆ ಸೇರಿಸುವಾಗ ತಂದೆಯೇ ಹೇಳಿಹೋಗುತ್ತಿದ್ದ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆ ಕಾಯಿದೆಯ ಸುತ್ತೋಲೆ ಸ್ಟಾಫ್ ರೂಮಿಗೆ ಬಂದ ದಿನ ಎಲ್ಲರೂ ಬೆತ್ತದ ಬಗ್ಗೆ ಮಾತಾಡಿದರು. ನನಗೆ ಎರಡನೆಯ ಮಾತೇ ಕಂಡಿತು. ನಾನು ಆ ಹುಡುಗಿಗೆ ಬೆತ್ತ ಮುಟ್ಟಿಸಿರಲಿಲ್ಲವಲ್ಲ! ಈ ವಿಷಯದಲ್ಲಿ ಪುಸ್ತಕ ತಪ್ಪು, ಕಾಯಿದೆ ಸರಿ. ಬೆತ್ತದ ಮಾತು ಓದಿಯೂ ಮಗುವಿಗೆ ಕೈ ಎತ್ತದಿದ್ದ ದೊಡ್ಡ ಅಕ್ಕೋರು ಇದನ್ನು ಕಾಯಿದೆಗಿಂತ ಮೊದಲೇ ಬಲ್ಲವರಾಗಿದ್ದರು. ಪುಸ್ತಕವನ್ನು ಪ್ರೀತಿಸುವವರು ಅದರ ಪ್ರತಿಯೊಂದು ಮಾತನ್ನೂ ನಡೆಸಲೇಬೇಕೆಂದಿಲ್ಲ ಎಂಬುದನ್ನು ನಾನು ಅವರಿಂದ ಕಲಿತೆ.

ಮೂರನೆಯ ದೂರು ನಮ್ಮ ಎರೆಭೂಮಿಯದು. ಇರುವೆಯನ್ನು ನೋಡಿ ಕಲಿ, ದುಡಿದವನಿಗೆ ಸುಖ, ಮೈಗಳ್ಳನಿಗೆ ಬಡತನ ಎನ್ನುತ್ತದೆ ಈ ಪುಸ್ತಕ. ನಮ್ಮ ಕಡೆ ಬಂದು ನೋಡಲಿ. ಹೆಸರು ಬಿತ್ತಿ ಮಳೆಯ ದಾರಿ ಕಾದವರು, ಕಡಲೆ ಹೂವಿಗೆ ಬಂದಾಗ ಮೋಡ ಕವಿದು ಕಾಯಿ ಕಟ್ಟದೆ ಹೋದವರು, ಚೀಲಗಟ್ಟಲೆ ಬೆಳೆದು ಪೇಟೆಯಲ್ಲಿ ದರ ಬಿದ್ದು ಬಾಡಿಗೆ ಟ್ರ್ಯಾಕ್ಟರಿನ ಹಣವೂ ಹುಟ್ಟದವರು, ಇವರಲ್ಲಿ ಮೈಗಳ್ಳರು ಯಾರು? ಬಡತನವನ್ನು ಬಡವನ ತಪ್ಪೆಂದು ಎಣಿಸಿದ್ದಕ್ಕೇ ನಾನು ಒಬ್ಬ ದುಡಿಯುವ ಹುಡುಗಿಯನ್ನು ನಿದ್ದೆಬಡುಕಿ ಎಂದು ಎಣಿಸಿದೆ.

ಆದರೆ ಇಲ್ಲಿ ಒಂದು ಸೋಜಿಗವಿದೆ. ಈ ದೂರಿಗೆ ಉತ್ತರ ಅದೇ ಗ್ರಂಥದಲ್ಲಿದೆ. ಬಡವನ ಹೊಲ ಬೇಕಾದಷ್ಟು ಬೆಳೆಯುತ್ತದೆ, ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬ ಅರ್ಥದ ನುಡಿಯೊಂದು ಹದಿಮೂರನೆಯ ಅಧ್ಯಾಯದಲ್ಲಿದೆ. ಅದನ್ನು ಓದಿದಾಗ, ಇದನ್ನು ಬರೆದವನು ಯಾವುದೋ ಪೇಟೆಯ ಅಡತಿ ಅಂಗಡಿಯ ಮುಂದೆ ನಿಂತು ಬಂದವನೇ ಇರಬೇಕೆಂದುಕೊಂಡೆ. ಮುಂದಿನ 'ಪ್ರಸಂಗಿ' ಎಂಬ ಭಾಗವಂತೂ ಚುರುಕಿನವನಿಗೇ ಗೆಲುವು ಎಂದೇನಿಲ್ಲ, ಕಾಲ ಮತ್ತು ಯೋಗ ಎಲ್ಲರ ಮೇಲೂ ಬರುತ್ತವೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಯೋಬನ ಕಥೆಯಲ್ಲಿ, ಎಲ್ಲವನ್ನೂ ಕಳೆದುಕೊಂಡು ಕುಳಿತ ಮನುಷ್ಯನ ಮುಂದೆ ಗೆಳೆಯರು ಬಂದು ನೀತಿಯ ಮಾತುಗಳನ್ನು ಸುರಿಯುತ್ತಾರೆ. ಕಷ್ಟ ಬಂದಿದೆಯೆಂದರೆ ನಿನ್ನದೇ ತಪ್ಪಿರಬೇಕು ಎನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಗೋಳಾಡಿದ ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಒಂದೇ ರಟ್ಟಿನ ಒಳಗೆ ನೀತಿಯನ್ನೂ ಇಟ್ಟು, ನೀತಿ ಹೇಳುವವರ ಕಿವಿ ಹಿಂಡುವ ಕಥೆಯನ್ನೂ ಇಟ್ಟ ಪುಸ್ತಕಕ್ಕೆ ಒಂದು ಧೈರ್ಯವಿದೆ ಎಂದು ಒಪ್ಪಬೇಕು.

ಜ್ಞಾನೋಕ್ತಿಯೊಳಗೂ ಇಂಥ ಜಗ್ಗಾಟವಿದೆ. ಮೂರ್ಖನಿಗೆ ಎದುರುತ್ತರ ಕೊಡಬೇಡ ಎನ್ನುವ ನುಡಿಯ ಬೆನ್ನಿಗೇ ಎದುರುತ್ತರ ಕೊಡು ಎನ್ನುವ ನುಡಿಯಿದೆ. ಇದು ಸಂಪಾದಿಸಿದವರ ಮರೆವು ಎಂದು ಮೊದಲು ನಕ್ಕಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಎರಡೂ ನಿಜ, ಯಾವ ಹೊತ್ತಿಗೆ ಯಾವುದು ಎಂದು ತಿಳಿಯುವುದೇ ವಿವೇಕ. ಅದೇ ಅಧ್ಯಾಯದಲ್ಲಿ, ತಿಳಿಗೇಡಿಯ ಬಾಯಲ್ಲಿನ ಗಾದೆಯನ್ನು ಕುಡುಕನ ಕೈಗೆ ಸಿಕ್ಕ ಮುಳ್ಳಿಗೆ ಹೋಲಿಸಿದ್ದಾರೆ. ಗಾದೆಗಳ ಪುಸ್ತಕವೇ ಗಾದೆಯ ಅಪಾಯವನ್ನು ಹೇಳುತ್ತದೆ. ನನ್ನ ಬಾಯಿಂದ ಬಂದ ಕುಂಭಕರ್ಣನ ಹೋಲಿಕೆಯೂ ಅಂಥ ಮುಳ್ಳೇ. ರಾಮಾಯಣದಲ್ಲಿ ಅದಕ್ಕೊಂದು ಜಾಗವಿದೆ. ನನ್ನ ಕೈಯಲ್ಲಿ ಅದು ಇನ್ನೊಬ್ಬರ ಮೈ ಗೀರಿತು.

ಯಾಕೋಬನ ಪತ್ರವನ್ನು ಓದಿದ್ದು ಆಮೇಲೆ. ಐದೇ ಅಧ್ಯಾಯ, ಒಂದು ಚಹಾ ಆರುವುದರೊಳಗೆ ಮುಗಿಯುತ್ತದೆ. ಜ್ಞಾನ ಕಡಿಮೆಯಿದ್ದವನು ದೇವರನ್ನು ಬೇಡಲಿ, ಆತ ಹಂಗಿಸದೆ ಕೊಡುತ್ತಾನೆ ಎಂಬ ಅಭಿಪ್ರಾಯ ಮೊದಲ ಅಧ್ಯಾಯದಲ್ಲಿದೆ. 'ಹಂಗಿಸದೆ' ಎಂಬಲ್ಲಿ ನಾನು ನಿಂತುಬಿಟ್ಟೆ. ದಡ್ಡತನವನ್ನು ಒಪ್ಪಿಕೊಂಡು ಬಂದವನನ್ನು ಹಂಗಿಸದೆ ಕಲಿಸುವುದೇ ಗುರುವಿನ ಲಕ್ಷಣವಾದರೆ, ನಾನು ಇಷ್ಟು ದಿನ ಮಾಡಿದ್ದೇನು? ಮೂರನೆಯ ಅಧ್ಯಾಯವಂತೂ ಶಿಕ್ಷಕರಿಗೆಂದೇ ಬರೆದ ಹಾಗಿದೆ. ಬಹಳ ಜನ ಬೋಧಕರಾಗಲು ಹೋಗಬೇಡಿ, ಬೋಧಕರಿಗೆ ಹೆಚ್ಚಿನ ಲೆಕ್ಕ ಕೇಳಲಾಗುತ್ತದೆ ಎಂದು ಎಚ್ಚರಿಸಿ, ಅಲ್ಲಿಂದ ನೇರವಾಗಿ ನಾಲಿಗೆಯ ವಿಚಾರಕ್ಕೆ ಬರುತ್ತದೆ. ದೊಡ್ಡ ಅಡವಿಯನ್ನು ಸುಡಲು ಸಣ್ಣ ಕಿಡಿ ಸಾಕಾಗುವಂತೆ ನಾಲಿಗೆ ಎಂದು ಹೇಳುತ್ತದೆ. ಬಿ.ಇಡಿ. ತರಗತಿಯಲ್ಲಿ ನಮಗೆ ಪಾಠಯೋಜನೆ ಕಲಿಸಿದರು, ಕರಿಹಲಗೆಯ ಬಳಕೆ ಕಲಿಸಿದರು, ಪ್ರಶ್ನೆ ಕೇಳುವ ಕೌಶಲ ಕಲಿಸಿದರು. ಶಿಕ್ಷಕಿಯ ಒಂದು ನಗೆಮಾತು ಒಂದು ಮಗುವಿನ ಓದನ್ನು ಸುಡಬಲ್ಲದೆಂದು ಯಾರೂ ಹೇಳಲಿಲ್ಲ. ಮಾತು ಹೇಗಿರಬೇಕೆಂದು ಬಸವಣ್ಣನವರು ಹೇಳಿದ್ದಾರಲ್ಲ, ಅದು ಸಾಲದೆ ಎಂದು ಕೇಳಬಹುದು. ಸಾಕಿತ್ತು. ಆ ವಚನವನ್ನು ನಾನು ಪ್ರತಿ ವರ್ಷ ಕಲಿಸುತ್ತಿದ್ದೆ, ಪರೀಕ್ಷೆಗೆ ಸಾರಾಂಶ ಬರೆಸುತ್ತಿದ್ದೆ, ಐದು ಅಂಕಕ್ಕೆ ನಾಲ್ಕು ಕೊಡುತ್ತಿದ್ದೆ. ಬಾಯಿಪಾಠವಾದದ್ದು ಕಿವಿಗೆ ಬೀಳುವುದಿಲ್ಲ. ಪರರ ಮನೆಯ ಭಾಷೆಯಲ್ಲಿ ಅದೇ ಮಾತು ಕೇಳಿದಾಗ ನಮ್ಮ ಮನೆಯ ಮಾತಿನ ಬೆಲೆಯೂ ಗೊತ್ತಾಯಿತು. ಹೊರಗೆ ಹುಡುಕುವುದರ ಮೊದಲ ಲಾಭ ಇದೇ ಎಂದು ನನ್ನ ಅನುಭವ.

ಈಗ ಓಣಿಯ ಹಿರಿಯರ ಸಂಶಯಕ್ಕೆ ಬರುತ್ತೇನೆ. ಪರಧರ್ಮದ ಪುಸ್ತಕದಲ್ಲಿ ವಿವೇಕ ಹುಡುಕಿದರೆ ಸ್ವಧರ್ಮ ಸಡಿಲಾಗುವುದಿಲ್ಲವೆ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರ ಸಿಗುತ್ತದೆ. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಪಾದ್ರಿಗಳು. ಅವರು ಊರೂರು ಅಲೆದು, ಓಲೆಗರಿಗಳನ್ನು ಹುಡುಕಿ, ಜನರ ಬಾಯಲ್ಲಿದ್ದದ್ದನ್ನು ಬರೆದುಕೊಂಡು 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅನುಭವಮಂಟಪದ ಚರಿತ್ರೆಯ ಬಗ್ಗೆಯೂ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಸರ್ವಜ್ಞನಲ್ಲಿ ಮುಳುಗಿದ್ದರಿಂದ ಅವರ ಕ್ರೈಸ್ತ ನಿಷ್ಠೆ ಕರಗಲಿಲ್ಲ. ಕ್ರೈಸ್ತರಾದ್ದರಿಂದ ಅವರಿಗೆ ಸರ್ವಜ್ಞ ಪರಕೀಯನಾಗಲಿಲ್ಲ. ಒಬ್ಬ ಪಾದ್ರಿ ನಮ್ಮ ಅಗಸಿಗೆ ಬಂದು ಅಷ್ಟು ಹೊತ್ತು ನಿಂತು ಕೇಳಿದ್ದರೆ, ನಾನು ಅವರ ಅಗಸಿಗೆ ಹೋಗಿ ಒಂದು ಗಳಿಗೆ ನಿಂತರೆ ತಪ್ಪೇನು?

ಅದೇ 1924ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಈಜಿಪ್ಟಿನ ಅಮೆನೆಮೊಪೆ ಎಂಬವನ ಉಪದೇಶದ ಹಳೆಯ ಪಪೈರಸ್ ಸುರುಳಿ ಆಗಷ್ಟೇ ಅಚ್ಚಾಗಿ ವಿದ್ವಾಂಸರ ಕೈಗೆ ಬಂದಿತ್ತು. ಜರ್ಮನಿಯ ಅಡಾಲ್ಫ್ ಎರ್ಮನ್ ಅದನ್ನು ಓದಿ, ಜ್ಞಾನೋಕ್ತಿಯ ಇಪ್ಪತ್ತೆರಡನೆಯ ಅಧ್ಯಾಯದಿಂದ ಮುಂದಿನ 'ಜ್ಞಾನಿಗಳ ಮಾತು' ಅದಕ್ಕೆ ಎಷ್ಟು ಹತ್ತಿರವಾಗಿದೆ ಎಂದು ತೋರಿಸಿದರು. ಬಡವನನ್ನು ಸುಲಿಯಬೇಡ, ಗಡಿಕಲ್ಲು ಸರಿಸಬೇಡ ಎಂಬ ಮಾತುಗಳು ಎರಡೂ ಕಡೆ ಇವೆ. ಗಡಿಕಲ್ಲಿನ ಮಾತು ನಮ್ಮ ಹೊಲಗಳ ಬದುವಿನ ಜಗಳಕ್ಕೂ ಅಷ್ಟೇ ಸಲ್ಲುತ್ತದೆ. ಅಂದರೆ ಈ ಪುಸ್ತಕವನ್ನು ಕೂಡಿಸಿದವರೂ ನೆರೆಯವರ ಮಾತಿಗೆ ಕಿವಿ ಕೊಟ್ಟವರೇ. ಆಗೂರ, ಲೆಮೂವೇಲರೂ ಇಸ್ರೇಲಿನ ಹೊರಗಿನವರಿರಬೇಕೆಂದು ಹಲವು ಪಂಡಿತರು ಹೇಳುತ್ತಾರೆ. ನಾವು ಅಣ್ಣಿಗೇರಿಯವರು ಪಂಪ ನಮ್ಮವನೆಂದು ಎದೆಯುಬ್ಬಿಸಿ ಹೇಳುತ್ತೇವೆ. ಆತ ಒಂದು ಕೈಯಲ್ಲಿ ಆದಿ ತೀರ್ಥಂಕರನ ಪುರಾಣವನ್ನೂ ಇನ್ನೊಂದು ಕೈಯಲ್ಲಿ ವ್ಯಾಸರ ಭಾರತವನ್ನೂ ಎತ್ತಿಕೊಂಡವನು. ಪಂಪನ ಊರಿನವರಿಗೆ ಇನ್ನೊಬ್ಬರ ಪುಸ್ತಕದ ಭಯ ಶೋಭಿಸುವುದಿಲ್ಲ.

ಆದರೂ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ದೇವರಲ್ಲಿ ಭಯಭಕ್ತಿ ಇಡುವುದೇ ಜ್ಞಾನದ ಮೊದಲು ಎಂದು ಈ ಪುಸ್ತಕ ಬಾಗಿಲಲ್ಲೇ ಹೇಳುತ್ತದೆ. ಮುಂದೆ ಪೌಲನ ಪತ್ರಗಳಿಗೆ ಬಂದರೆ, ಲೋಕದ ಜ್ಞಾನವೆಲ್ಲ ಹುಚ್ಚುತನ, ಶಿಲುಬೆಗೆ ಏರಿದವನೇ ಜ್ಞಾನ ಎನ್ನುವ ನಿಲುವಿದೆ. ದೊಡ್ಡ ಅಕ್ಕೋರಿಗೆ ಅದು ಮನೆಯ ನಡುಗಂಬ. ನಾನು ಹೊಸ್ತಿಲಲ್ಲಿ ನಿಂತವಳು. ಅವರ ಮನೆಯ ಅಂಗಳದ ಹಣ್ಣನ್ನಷ್ಟೇ ಆರಿಸಿಕೊಂಡು, ಗಿಡದ ಬೇರು ನನಗೆ ಬೇಡವೆಂದು ಹೇಳುವುದು ಸುಲಭ. ಅದು ಪೂರ್ಣ ಓದಲ್ಲವೆಂದು ನಾನೂ ಬಲ್ಲೆ. ಆದರೆ ಆಕೆ ಅಗಸಿಯಲ್ಲಿ ಕೂಗುವಾಗ ಯಾವ ಮನೆಯವರೆಂದು ಕೇಳಿ ಕೂಗುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ನಿಂತಿದ್ದೇನೆ.

ಏಸುವೇ ಹೇಳಿದ ಒಂದು ದೃಷ್ಟಾಂತ ನಮ್ಮೂರವರಿಗೆ ಟೀಕೆ ಇಲ್ಲದೆ ತಿಳಿಯುತ್ತದೆ. ಬುದ್ಧಿವಂತ ಬಂಡೆಯ ಮೇಲೆ ಮನೆ ಕಟ್ಟಿದ, ಬುದ್ಧಿಗೇಡಿ ಉಸುಕಿನ ಮೇಲೆ ಕಟ್ಟಿದ, ಮಳೆ ಬಂದಾಗ ಒಂದು ನಿಂತಿತು, ಒಂದು ಬಿತ್ತು. ನಮ್ಮಲ್ಲಿ ಉಸುಕಿಲ್ಲ, ಎರೆ ಇದೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯಾ ತೆಗೆಯದಿದ್ದರೆ ಹೊಸ ಮನೆಯ ಗೋಡೆಯೂ ಮೂರು ವರ್ಷಕ್ಕೆ ಸೀಳುತ್ತದೆ. ಆದರೆ ಆ ದೃಷ್ಟಾಂತದ ತಿರುಳು ನೆಲದ ಮಾತಲ್ಲ. ಇಬ್ಬರೂ ಮಾತನ್ನು ಕೇಳಿದವರೇ. ಕೇಳಿ ನಡೆದವನ ಮನೆ ನಿಂತಿತು, ಕೇಳಿ ಸುಮ್ಮನಾದವನ ಮನೆ ಬಿತ್ತು. ಮೂವತ್ತೊಂದು ಅಧ್ಯಾಯ ಓದುವುದು ಜ್ಞಾನವಲ್ಲ ಎಂದು ಈ ಪುಸ್ತಕವೇ ನನಗೆ ಹೇಳಿತು.

ಕೊನೆಯ ಅಧ್ಯಾಯದ ಬಗ್ಗೆ ಹೇಳಿ ಮುಗಿಸುತ್ತೇನೆ. ತಂದೆಯ ಮಾತಿನಿಂದ ಶುರುವಾದ ಪುಸ್ತಕ ತಾಯಿಯ ಮಾತಿನಿಂದ ಮುಗಿಯುತ್ತದೆ. ಬಾಯಿಲ್ಲದವರ ಪರವಾಗಿ ನೀನು ಬಾಯಿ ತೆರೆಯಬೇಕು ಎಂದು ಆ ತಾಯಿ ಅರಸನಾದ ಮಗನಿಗೆ ಕಲಿಸುತ್ತಾಳೆ. ಅದರ ಬೆನ್ನಿಗೆ ಒಬ್ಬ ಒಳ್ಳೆಯ ಗೃಹಿಣಿಯ ಹೊಗಳಿಕೆ ಬರುತ್ತದೆ. ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳ ಕ್ರಮದಲ್ಲಿ ಇಪ್ಪತ್ತೆರಡು ನುಡಿಗಳು. ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ಬಡವರಿಗೆ ಕೈ ನೀಡುತ್ತಾಳೆ. ಗಂಡ ಅಗಸಿಯಲ್ಲಿ ಹಿರಿಯರ ಜೊತೆ ಕೂತಿರುತ್ತಾನೆ, ಕೆಲಸವೆಲ್ಲ ಇವಳದೇ ಎಂದು ನಾನು ಮೊದಲ ಸಲ ಓದಿದಾಗ ಗೊಣಗಿದ್ದೆ. ಎರಡನೆಯ ಸಲ ಓದುವಾಗ ಒಂದು ವಿವರ ಕಣ್ಣಿಗೆ ಬಿತ್ತು. ಆಕೆ ಇನ್ನೂ ಕತ್ತಲಿರುವಾಗಲೇ ಎದ್ದು ಮನೆಯವರಿಗೆ ಅನ್ನ ಮಾಡುತ್ತಾಳೆ. ನಾನು ಪುಸ್ತಕ ಮುಚ್ಚಿದೆ. ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದ ಹದಿನಾಲ್ಕರ ಹುಡುಗಿ ಕಣ್ಣ ಮುಂದೆ ಬಂದಳು. ಈ ಪುಸ್ತಕ ಯಾವಳಿಗೆ ಮರ್ಯಾದೆಯ ಕೊನೆಯ ಜಾಗ ಕೊಟ್ಟಿತೋ ಅಂಥವಳನ್ನು ನಾನು ನಲವತ್ತು ಮಕ್ಕಳ ಮುಂದೆ ನಗೆಗೀಡು ಮಾಡಿದ್ದೆ. ಬಾಯಿಲ್ಲದವಳ ಪರವಾಗಿ ತೆರೆಯಬೇಕಾದ ಬಾಯಿಯನ್ನು ಅವಳ ಮೇಲೆಯೇ ತೆರೆದಿದ್ದೆ.

ಕೇಳುವುದಕ್ಕೆ ಮೊದಲೇ ಉತ್ತರ ಹೇಳುವುದು ಮೂರ್ಖತನ ಎಂಬ ಅರ್ಥದ ಒಂದು ನುಡಿ ಹದಿನೆಂಟನೆಯ ಅಧ್ಯಾಯದಲ್ಲಿದೆ. ಸೊಲೊಮೋನನಿಗೆ ದೇವರು ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ವಿವೇಕ. ಮೂಲ ಹೀಬ್ರೂವಿನಲ್ಲಿ ಆ ಮಾತಿಗೆ ಕೇಳಿಸಿಕೊಳ್ಳುವ ಹೃದಯ ಎಂಬ ಅರ್ಥ ಬರುತ್ತದಂತೆ. ಇಷ್ಟು ವರ್ಷದ ಓದಿನಲ್ಲಿ ನಾನು ಗಳಿಸಿದ್ದು ಇಷ್ಟೇ ಎಂದರೂ ನಡೆದೀತು.

ಆ ಹುಡುಗಿಯನ್ನು ಅದಾದ ಮೇಲೆ ನಾನು ಒಂದೇ ಸಲ ನೋಡಿದೆ, ಗದಗದ ಬಸ್ಸಿನಲ್ಲಿ, ಕಂಕುಳಲ್ಲಿ ಕೂಸಿತ್ತು. ನನ್ನ ಗುರುತು ಹಿಡಿದು, "ಆರಾಮ ಅದೀರಿ ಅಕ್ಕೋರ?" ಎಂದು ಎದ್ದು ಸೀಟು ಬಿಟ್ಟುಕೊಟ್ಟಳು. ನಾನು ತಪ್ಪಾಯಿತೆಂದು ಹೇಳಬೇಕೆಂದೆ. ಬಸ್ಸಿನ ಗದ್ದಲದಲ್ಲಿ ಅರ್ಧ ಹೇಳಿದೆ. "ಅದೆಲ್ಲಾ ಈಗ ಯಾಕ್ರಿ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಮರೆತಿರಲಿಲ್ಲ, ಮರೆಯಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ. ಯಾವ ಧರ್ಮದ ಪುಸ್ತಕವೂ ಆಡಿದ ಮಾತನ್ನು ಹಿಂದಕ್ಕೆ ತಂದುಕೊಡುವುದಿಲ್ಲ. ಮುಂದಿನ ಮಾತಿಗೆ ಮೊದಲು ಒಂದು ಗಳಿಗೆ ತಡೆದು ನಿಲ್ಲಿಸಬಲ್ಲದು, ಅಷ್ಟೇ.

ಈಗಲೂ ಹತ್ತಿ ಸುಗ್ಗಿಯಲ್ಲಿ, ಮೆಣಸಿನಕಾಯಿ ಸುಗ್ಗಿಯಲ್ಲಿ, ನನ್ನ ತಾಸಿನಲ್ಲಿ ಮಕ್ಕಳು ತೂಕಡಿಸುತ್ತಾರೆ. ನಾನು ಪುಸ್ತಕ ಕೆಳಗಿಟ್ಟು ಅವರ ಬೆಂಚಿಗೆ ಹೋಗಿ, ಉಳಿದವರಿಗೆ ಕೇಳಿಸದ ಹಾಗೆ, "ಮುಂಜಾನೆ ಎಷ್ಟಕ್ಕ ಎದ್ದಿಯವ್ವಾ?" ಎಂದು ಕೇಳುತ್ತೇನೆ. ಆಮೇಲೆ ಅವರು ಹೇಳುವುದನ್ನು ಕೇಳುತ್ತೇನೆ.